ವಜ್ರಾಯುಧವೂ ವಿದ್ಯುದ್ವಿಶ್ವವಾದವೂ

ಪುರಾಣಕಥೆಗಳ ಮೂಲವೇನೆಂಬ ಪ್ರಶ್ನೆಯು ಬಹು ಹಳೆಯದು. ನಿರುಕ್ತಕಾರರ ಕಾಲದಿಂದಲೂ ವಿದ್ವಾಂಸರು ಇದಕ್ಕೆ ಬಗೆಬಗೆಯ ಉತ್ತರಗಳನ್ನು ಕೊಡುತ್ತ ಬಂದಿದ್ದಾರೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಪಾಶ್ಚಾತ್ಯ ದೇಶಗಳಲ್ಲಿ ಮತ್ತೊಂದು ಉತ್ತರವು ಹುಟ್ಟಿ ಬೆಳೆದಿದೆ. ವಿಶ್ವದ ವ್ಯಾಪಾರಗಳಿಗೆಲ್ಲ ವಿದ್ಯುಚ್ಛಕ್ತಿಯೇ ಮುಖ್ಯ ಕಾರಣವೆಂದೂ, ಮಾನವರು ಒಂದು ಕಾಲದಲ್ಲಿ ಆಕಾಶದಲ್ಲಿ ಕಣ್ಣಾರೆ ಕಂಡ ಮಹಾವಿದ್ಯುತ್ಪಾತಗಳ ನೆನಪೇ ಪುರಾಣಗಳೆಂದೂ ಅದು ಸಾಧಿಸುತ್ತದೆ. ಇದನ್ನು ವಿದ್ಯುದ್ವಿಶ್ವವಾದವೆಂದು ಕರೆಯಬಹುದು. ಈ ವಾದವು ಕರೆತರುವ ಸಾಕ್ಷಿಗಳಲ್ಲಿ ಇಂದ್ರನ ವಜ್ರಾಯುಧವೂ ಒಂದಾದುದರಿಂದ, ವೇದಪುರಾಣಗಳನ್ನು ಓದುವವರೂ ಓದಿಸುವವರೂ ಇದನ್ನು ಪರೀಕ್ಷಿಸದೆ ಬಿಡುವಂತಿಲ್ಲ.

ಸಿಡಿಲಿಗೂ ಪುರಾಣಕ್ಕೂ ಸಂಬಂಧವುಂಟೆಂಬುದನ್ನು ಕನ್ನಡನಾಡಿನವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಕಕ್ಕಿಂಜೆಯು ಚಾರ್ಮಾಡಿ ಘಟ್ಟದ ಬುಡದ ಊರು. ಆ ಸೀಮೆಯಲ್ಲಿ ಪತ್ತನಾಜೆಗೆ ಮುಂಚಿನ ಬೇಸಗೆಯ ಕೊನೆಯಲ್ಲಿಯೂ, ನವರಾತ್ರಿಯ ತರುವಾಯ ಮಳೆಗಾಲವು ಹಿಂದೆಗೆಯುವಾಗಲೂ, ಹೊತ್ತು ಇಳಿಯುತ್ತಲೇ ಘಟ್ಟದ ನೆತ್ತಿಯಲ್ಲಿ ಮೋಡ ಕಟ್ಟಿ ಗುಡುಗು ಸಿಡಿಲುಗಳು ಮೊದಲಾಗುತ್ತವೆ. ಆಷಾಢ ಶ್ರಾವಣಗಳ ಬಿಡದ ಜಡಿಮಳೆಯಲ್ಲಿಯಾದರೋ ಅವು ಅಷ್ಟಾಗಿ ಇರುವುದಿಲ್ಲ. ಇಂಥ ಹೊತ್ತಿನಲ್ಲಿ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳಬೇಕೆಂದು ಹಿರಿಯರು ಮಕ್ಕಳಿಗೆ ಕಲಿಸುವ ರೂಢಿಯು ಕನ್ನಡನಾಡಿನಲ್ಲಿ ಬೇಕಾದಷ್ಟು ಕಡೆ ಉಂಟು. ಅರ್ಜುನನು ಇಂದ್ರನ ಮಗನು. ಮಗನ ಹೆಸರನ್ನು ಹೇಳಿದವರ ಮೇಲೆ ತಂದೆಯ ಆಯುಧವು ಬೀಳದೆಂಬುದು ಅದರ ಭಾವ. ಹೀಗೆ ಹೇಳಿಕೊಳ್ಳುವ ಮಗುವಿಗೆ ಸಿಡಿಲು ಯಾವುದೆಂಬ ವಿಷಯದಲ್ಲಿ ಯಾವ ಭ್ರಾಂತಿಯೂ ಇಲ್ಲ. ಅದು ಮೋಡದಿಂದ ಬರುವುದನ್ನು ಮಗುವು ಬಲ್ಲದು. ಹೆಸರು ಬೇಕಾಗಿರುವುದು ಸಿಡಿಲನ್ನು ವಿವರಿಸುವುದಕ್ಕಲ್ಲ, ಅಂಜಿಕೆಯನ್ನು ಅಡಗಿಸುವುದಕ್ಕೆ. ಆದುದರಿಂದ ವಿವಾದವಿರುವುದು ಸಿಡಿಲಿಗೂ ಕಥೆಗೂ ನಂಟುಂಟೇ ಎಂಬುದರಲ್ಲಲ್ಲ, ಆ ನಂಟು ಯಾವ ಬಗೆಯದು ಎಂಬುದರಲ್ಲಿ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನಿರೂಪಿಸಬೇಕು. ಇಮ್ಯಾನ್ಯುಯೆಲ್ ವೆಲಿಕೋವ್ಸ್ಕಿಯು ೧೯೫೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಶುಕ್ರಗ್ರಹವು ಗುರುಗ್ರಹದಿಂದ ಸಿಡಿದು ಹೊರಬಂದು, ಕ್ರಿಸ್ತಪೂರ್ವ ಹದಿನೈದನೆಯ ಶತಮಾನದ ಸುಮಾರಿಗೆ ಭೂಮಿಯ ಸಮೀಪದಲ್ಲಿ ಹಾದುಹೋಯಿತೆಂದು ವಾದಿಸಿದನು. ಆಗ ಗ್ರಹಗಳ ನಡುವೆ ವಿದ್ಯುತ್ತು ಹಾರಿತೆಂದೂ, ಜನಾಂಗಗಳ ಪ್ರಳಯಕಥೆಗಳು ಅದರ ದಾಖಲೆಗಳೆಂದೂ ಹೇಳಿದನು. ೧೯೭೦ರ ದಶಕದಲ್ಲಿ ರಾಲ್ಫ್ ಯೂರ್ಗೆನ್ಸನೆಂಬ ಎಂಜಿನಿಯರನು, ಸೂರ್ಯನ ತೇಜಸ್ಸಿಗೆ ಕಾರಣವು ಹೊರಗಿನಿಂದ ಬರುವ ವಿದ್ಯುತ್ಪ್ರವಾಹವೆಂದು ಪ್ರತಿಪಾದಿಸಿದನು. ಡೇವಿಡ್ ಟಾಲ್ಬಟ್ಟನು ೧೯೮೦ರ ತನ್ನ ಗ್ರಂಥದಲ್ಲಿ ಶನಿಗ್ರಹವು ಹಿಂದೆ ಭೂಮಿಯ ಧ್ರುವಪ್ರದೇಶದ ನೆತ್ತಿಯಲ್ಲಿ ನೆಲೆಯಾಗಿ ತೋರುತ್ತಿತ್ತೆಂದನು. ೨೦೦೫ರಲ್ಲಿ ಅವನೂ ವ್ಯಾಲೇಸ್ ಥಾರ್ನ್‌ಹಿಲ್ಲನೂ ಕೂಡಿ, ದೇವತೆಗಳ ಸಿಡಿಲಾಯುಧಗಳನ್ನೇ ವಿಷಯವಾಗಿಟ್ಟುಕೊಂಡ ಪುಸ್ತಕವನ್ನು ಹೊರತಂದರು. ಅದಕ್ಕೆ ಮುಂಚೆ, ೨೦೦೩ರಲ್ಲಿ, ಆಂಥನಿ ಪೆರಾಟ್ಟನು ಬಂಡೆಗಳ ಮೇಲಿನ ಪ್ರಾಚೀನ ರೇಖಾಚಿತ್ರಗಳಿಗೂ ಪ್ರಯೋಗಶಾಲೆಯಲ್ಲಿ ಪ್ಲಾಸ್ಮಾವು, ಎಂದರೆ ವಿದ್ಯುದಂಶಗಳಾಗಿ ಒಡೆದ ಅನಿಲವು, ತಾಳುವ ಆಕಾರಗಳಿಗೂ ಇರುವ ಹೋಲಿಕೆಯನ್ನು ತೋರಿಸಿ, ಪೂರ್ವಿಕರು ಅತ್ಯುಗ್ರವಾದ ಧ್ರುವಪ್ರಭೆಯೊಂದನ್ನು ಕಂಡು ಕೆತ್ತಿದರೆಂದು ಊಹಿಸಿದನು. ಎರಡು ತುದಿಗಳಲ್ಲಿಯೂ ಕವಲೊಡೆದ ವಜ್ರದ ಆಕೃತಿಯನ್ನು ಈ ಪಕ್ಷದವರು ಅಂಥದೇ ಚಿತ್ರವೆಂದು ತಿಳಿಯುತ್ತಾರೆ.

ಈ ಪಕ್ಷದಲ್ಲಿ ಒಪ್ಪತಕ್ಕ ಅಂಶಗಳೂ ಇವೆ. ಧ್ರುವಪ್ರಭೆಗೆ ಸೂರ್ಯನಿಂದ ಬರುವ ವಿದ್ಯುತ್ಕಣಗಳು ಕಾರಣವೆಂದು ನಾರ್ವೆಯ ಬಿರ್ಕೆಲಂಡನು ಹೇಳಿದಾಗ ಹಲವರು ಒಪ್ಪಲಿಲ್ಲ. ಅವನು ಊಹಿಸಿದ ಪ್ರವಾಹಗಳು ಮುಂದೆ ಉಪಗ್ರಹಗಳಿಂದ ಸಿದ್ಧವಾದವು. ಪ್ಲಾಸ್ಮಾ ವಿಷಯಕವಾದ ಸಂಶೋಧನೆಗಾಗಿ ಆಲ್ವೇನನಿಗೆ ೧೯೭೦ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಧ್ರುವಪ್ರಭೆಯು ಒಮ್ಮೊಮ್ಮೆ ಬಹಳ ದಕ್ಷಿಣಕ್ಕೂ ಇಳಿಯುವುದುಂಟು. ೧೮೭೨ರ ಫೆಬ್ರವರಿಯಲ್ಲಿ ಅದು ಮುಂಬಯಿಯಲ್ಲಿಯೂ ಕಂಡುಬಂದಿತೆಂಬ ವರದಿಯಿದೆ. ಎಲ್ಲಕ್ಕೂ ಮಿಗಿಲಾಗಿ, ಪ್ರಾಚೀನ ಕವಿಗಳು ಕಣ್ಣು ತೆರೆದು ಆಕಾಶವನ್ನು ನೋಡಿದವರೆಂಬ ಗೌರವವು ಈ ವಾದದಲ್ಲಿದೆ. ಪುರಾಣವೆಲ್ಲವೂ ಕಟ್ಟುಕಥೆಯೆಂದು ತಳ್ಳಿಬಿಡುವವರಿಗಿಂತ ಇವರು ಈ ಮಟ್ಟಿಗೆ ಮೇಲು. ಆದರೆ ಆಕಾಶದಲ್ಲಿ ವಿದ್ಯುತ್ಪ್ರವಾಹಗಳಿವೆ ಎಂಬುದು ಬೇರೆ. ಗ್ರಹಗಳು ಐತಿಹಾಸಿಕ ಕಾಲದಲ್ಲಿ ಕಕ್ಷೆ ಬಿಟ್ಟು ಅಲೆದುವು ಎಂಬುದು ಬೇರೆ. ಎರಡನೆಯದಕ್ಕೆ ಭೌತವಿಜ್ಞಾನದ ಆಧಾರವಿಲ್ಲ. ಗ್ರೀನ್‌ಲಂಡಿನ ಹಿಮಪದರಗಳಲ್ಲಿ ಸಾವಿರಾರು ವರ್ಷಗಳ ಲೆಕ್ಕವು ಪದರಪದರವಾಗಿ ಉಳಿದಿದೆ. ಅಲ್ಲಿ ಇಂಥ ಜಗದ್ವ್ಯಾಪಿಯಾದ ಉತ್ಪಾತದ ಗುರುತಿಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೋ ಕಣಗಳು ಕಡಮೆಯೆಂಬ ಸಂದೇಹವು ಒಂದು ಕಾಲದಲ್ಲಿ ಇವರ ವಾದಕ್ಕೆ ಬಲ ಕೊಟ್ಟಿತ್ತು. ೨೦೦೧-೦೨ರಲ್ಲಿ ಕೆನಡಾದ ಸಡ್ಬರಿಯ ಪ್ರಯೋಗವು ಆ ಸಂದೇಹವನ್ನೂ ಪರಿಹರಿಸಿತು.

ವಿಜ್ಞಾನದ ಮಾತು ಅಷ್ಟು ಸಾಕು. ಸಾಹಿತ್ಯದವರಿಗೆ ಮುಖ್ಯವಾದುದು ಗ್ರಂಥಸಾಕ್ಷಿ. ಋಗ್ವೇದದ ಮೊದಲನೆಯ ಮಂಡಲದ ಮೂವತ್ತೆರಡನೆಯ ಸೂಕ್ತವು ವೃತ್ರವಧೆಯನ್ನು ಹೇಳುವ ಪ್ರಸಿದ್ಧ ಸೂಕ್ತ. ಅಲ್ಲಿ ವಜ್ರವನ್ನು ಮಾಡಿಕೊಡುವವನು ತ್ವಷ್ಟೃವೆಂಬ ಕುಶಲಿ; ವೃತ್ರನು ಪರ್ವತದಲ್ಲಿ ಒರಗಿ ನೀರನ್ನು ತಡೆದವನು; ಕೊಡಲಿಯಿಂದ ಕಡಿದ ಮರದಂತೆ ಅವನು ಉರುಳುತ್ತಾನೆ. ಆ ಕೊಡಲಿಗೆ ಋಷಿಯು ಇಟ್ಟ ಕುಲಿಶವೆಂಬ ಶಬ್ದವೇ ಮುಂದೆ ವಜ್ರಕ್ಕೆ ಪರ್ಯಾಯವಾಯಿತೆಂಬುದು ನೆನೆಯತಕ್ಕ ವಿಷಯ. ಸೂಕ್ತದ ಹದಿಮೂರನೆಯ ಮಂತ್ರವಂತೂ ಈ ವಿಚಾರದಲ್ಲಿ ನಿರ್ಣಾಯಕವಾಗಿದೆ. ಮಿಂಚು, ಗುಡುಗು, ಮಂಜು, ಆಲಿಕಲ್ಲು ಇವುಗಳಲ್ಲಿ ಯಾವುದೂ ವೃತ್ರನ ನೆರವಿಗೆ ಬರಲಿಲ್ಲವೆಂದು ಅಲ್ಲಿ ಹೇಳಿದೆ. ಎಂದರೆ ಮಿಂಚು ಇರುವುದು ವೃತ್ರನ ಪಕ್ಷದಲ್ಲಿ. ವಜ್ರವು ಅದನ್ನು ಗೆಲ್ಲುವ ಬೇರೊಂದು ಆಯುಧ. ಋಷಿಗೆ ಮಿಂಚಿನ ಹೆಸರು ಗೊತ್ತು, ಅದನ್ನು ಹೇಳಲು ಸಂಕೋಚವೂ ಇಲ್ಲ. ಹೇಳಿಯೂ ಅದನ್ನು ಇಂದ್ರನ ಕೈಗೆ ಕೊಡಲಿಲ್ಲ. ವಜ್ರವೆಂದರೆ ವಿದ್ಯುತ್ತೇ ಸರಿ ಎನ್ನುವವರು ಮೊದಲು ಈ ಮಂತ್ರಕ್ಕೆ ಉತ್ತರ ಹೇಳಬೇಕು. ವಜ್ರಕ್ಕೂ ಸಿಡಿಲಿಗೂ ನಂಟಿಲ್ಲವೆಂದು ಇದರ ಅರ್ಥವಲ್ಲ. ಅದು ಕವಿಪ್ರತಿಭೆಯು ಕಟ್ಟಿದ ನಂಟು, ಕಂಡುದನ್ನು ಹಾಗೆಯೇ ಬರೆದಿಟ್ಟ ವರದಿಯಲ್ಲ ಎಂಬುದಷ್ಟೇ ತಾತ್ಪರ್ಯ. ಇನ್ನು ವೇದದಲ್ಲಿ ವಜ್ರವು ಲೋಹಮಯವೆಂದೂ ನೂರು ಗಿಣ್ಣುಗಳುಳ್ಳದ್ದೆಂದೂ ವರ್ಣಿತವಾಗಿದೆ. ಇಕ್ಕೆಲದಲ್ಲಿ ಕವಲೊಡೆದ ಪರಿಚಿತ ಆಕೃತಿಯು ಶತಮಾನಗಳ ತರುವಾಯ ಶಿಲ್ಪಿಗಳ ಕೈಯಲ್ಲಿ, ವಿಶೇಷವಾಗಿ ಬೌದ್ಧ ಸಂಪ್ರದಾಯದಲ್ಲಿ, ರೂಪುಗೊಂಡುದು. ಈಚಿನ ಶಿಲ್ಪವನ್ನು ಹಿಂದಿನ ದರ್ಶನಕ್ಕೆ ಸಾಕ್ಷಿಯಾಗಿ ತರುವುದು ಕಾಲವನ್ನು ಹಿಂದುಮುಂದು ಮಾಡಿದಂತೆ.

ಇಲ್ಲಿ ಶಬ್ದದ ತೊಡಕೊಂದನ್ನೂ ಬಿಡಿಸಬೇಕು. ವಿದ್ಯುತ್ ಎಂದರೆ ಬೆಳಗುವುದು, ಹೊಳೆಯುವುದು. ಕನ್ನಡದ ಮಿಂಚು ಅದಕ್ಕೆ ಸಮನಾದ ಮಾತು. ಶಿವನಸಮುದ್ರದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಶಕ್ತಿಗೂ ಇದೇ ಶಬ್ದವು ಸಲ್ಲುವುದು ಹೊಸ ಕಾಲದ ವ್ಯವಹಾರ. ತಂತಿಯಲ್ಲಿ ಹರಿಯುವ ಶಕ್ತಿಯ ಹೆಸರನ್ನು ಮಂತ್ರದಲ್ಲಿ ಕಂಡ ಓದುಗನು, ಋಷಿಗಳಿಗೆ ಆ ಶಕ್ತಿಯ ಶಾಸ್ತ್ರವು ತಿಳಿದಿತ್ತೆಂದು ಭಾವಿಸಿದರೆ, ಹಳೆಯ ಪಾತ್ರೆಯಲ್ಲಿ ತಾನೇ ಹಾಕಿದ ಹೊಸ ನಾಣ್ಯವನ್ನು ತಾನೇ ಕಂಡುಹಿಡಿದಂತಾಗುವುದು.

ವೃತ್ರನು ಯಾರೆಂಬ ಚರ್ಚೆಯು ಯಾಸ್ಕನಷ್ಟು ಹಳೆಯದು. ಮೇಘವೆಂದು ನೈರುಕ್ತರು, ತ್ವಷ್ಟೃವಿನ ಮಗನಾದ ಅಸುರನೆಂದು ಐತಿಹಾಸಿಕರು, ಎಂದು ಅವನು ಎರಡು ಮತಗಳನ್ನೂ ಎತ್ತಿ ಹೇಳಿ, ನೀರೂ ತೇಜಸ್ಸೂ ಬೆರೆಯುವುದರಿಂದ ಮಳೆಯಾಗುವುದನ್ನು ಉಪಮೆಯಿಂದ ಯುದ್ಧವಾಗಿ ವರ್ಣಿಸಿದೆ ಎನ್ನುತ್ತಾನೆ. ಉಪಮೆಯೆಂಬ ಆ ಒಂದು ಮಾತಿನಲ್ಲಿ ಯಾಸ್ಕನು ಕಾವ್ಯಕ್ಕೆ ಎಡೆಗೊಟ್ಟಿದ್ದಾನೆ. ಅವನ ತರುವಾಯ ಬಂದವರಲ್ಲಿ ಆ ಎಚ್ಚರವು ಯಾವಾಗಲೂ ಇರಲಿಲ್ಲ. ಬಾಲಗಂಗಾಧರ ಟಿಳಕರು ೧೯೦೩ರಲ್ಲಿ ವೃತ್ರನನ್ನು ಉತ್ತರಧ್ರುವದ ದೀರ್ಘಾಂಧಕಾರವಾಗಿ ಕಂಡರು. ದಾಮೋದರ ಕೋಸಾಂಬಿಯವರು ೧೯೫೬ರಲ್ಲಿ ಕಟ್ಟೆಯೆಂಬ ಅರ್ಥವನ್ನು ಹಿಡಿದು ನೀರಾವರಿಯ ಒಡ್ಡುಗಳನ್ನು ಕಂಡರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಪ್ರಕಟಿಸಿ ಜಗತ್ತಿಗೆ ಉಪಕಾರ ಮಾಡಿದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೩೮ ಮತ್ತು ೧೯೪೦ರ ತಮ್ಮ ಗ್ರಂಥಗಳಲ್ಲಿ ವೇದದ ಕಥೆಗಳೊಳಗೆ ಗ್ರಹಣಗಳ ಆವರ್ತನವು ಅಡಗಿದೆಯೆಂದು ಸಾಧಿಸಿದರು. ಶಾಸ್ತ್ರಿಗಳ ಪಾಂಡಿತ್ಯವನ್ನು ವಿದ್ಯುದ್ವಾದಿಗಳ ಕಲ್ಪನೆಯೊಡನೆ ಸರಿಗಟ್ಟುವುದು ನ್ಯಾಯವಲ್ಲ. ಅವರ ಗ್ರಹಣಗಳನ್ನು ಗಣಿತದಿಂದ ಪರೀಕ್ಷಿಸಬಹುದು. ಆದರೂ ಒಂದೇ ರಾಶಿಯ ಕಥೆಗಳಿಂದ ಒಬ್ಬರಿಗೆ ಧ್ರುವರಾತ್ರಿಯೂ, ಒಬ್ಬರಿಗೆ ಗ್ರಹಣವೂ, ಒಬ್ಬರಿಗೆ ಅಣೆಕಟ್ಟೂ, ಒಬ್ಬರಿಗೆ ಪ್ಲಾಸ್ಮಾವೂ ದೊರೆಯುತ್ತಿರುವಾಗ, ದೊರೆತ ವಸ್ತುವಿಗಿಂತ ಹುಡುಕಿದ ಕ್ರಮವನ್ನೇ ಶಂಕಿಸಬೇಕಾಗುತ್ತದೆ. ಎಲ್ಲ ಬೀಗಗಳಿಗೂ ಹೊಂದುವ ಬೀಗದಕೈಯಿಂದ ಇಂಥದೇ ಬೀಗವೆಂದು ಗುರುತಿಸಲಾಗದು.

ಈ ಕ್ರಮದ ದೋಷವು ತುಳುನಾಡಿನ ಕಥೆಯೊಂದರಿಂದ ಇನ್ನೂ ಸ್ಪಷ್ಟವಾಗುತ್ತದೆ. ಕಕ್ಕಿಂಜೆಯಿಂದ ಮೂಡಲಿಗೆ ನೋಡಿದರೆ ಗೋಡೆಯಂತೆ ನಿಂತಿರುವುದು ಸಹ್ಯಾದ್ರಿ. ಅಲ್ಲಿಂದ ಪಡುವಲ ಸಮುದ್ರದವರೆಗಿನ ನೆಲವನ್ನು ಪರಶುರಾಮನು ಕೊಡಲಿಯನ್ನೆಸೆದು ಕಡಲಿನಿಂದ ಬಿಡಿಸಿಕೊಂಡನೆಂಬುದು ಪ್ರತೀತಿ. ವಿದ್ಯುದ್ವಾದಿಗಳಿಗೆ ಇದಕ್ಕಿಂತ ಒಪ್ಪುವ ಕಥೆ ಬೇಕೇ? ಆಕಾಶದಲ್ಲಿ ಹಾರುವ ಆಯುಧ, ಹಿಮ್ಮೆಟ್ಟುವ ಸಮುದ್ರ, ಹೊಸ ನೆಲ! ಆದರೆ ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ಈ ಕಥೆಯನ್ನು ಸೂಚಿಸುವಾಗ ಅಸ್ತ್ರವೆಂದಷ್ಟೇ ಹೇಳುತ್ತಾನೆ. ಕೇರಳದಲ್ಲಿಯೂ ತುಳುನಾಡಿನಲ್ಲಿಯೂ ಅದು ಕೊಡಲಿ. ಗೋವೆ ಕೊಂಕಣಗಳಲ್ಲಿ ಬಾಣ. ಕಣ್ಣಾರೆ ಕಂಡ ಆಕೃತಿಯ ನೆನಪಾಗಿದ್ದರೆ ಆಕೃತಿಯು ಊರಿಂದೂರಿಗೆ ಹೀಗೆ ಬದಲಾಗುವುದೇಕೆ? ಕೊಡಲಿಯೂ ಬಾಣವೂ ಸಿಡಿಲಿನದೇ ಎರಡು ರೂಪಗಳೆಂದು ಪೂರ್ವಪಕ್ಷದವರು ಉತ್ತರ ಹೇಳಬಹುದು. ಹಾಗಾದರೆ ಯಾವ ಆಯುಧವು ಸಿಡಿಲಲ್ಲ? ಏನು ಕಂಡುಬಂದರೂ ಅನುಕೂಲವೇ ಆಗುವ ವಾದಕ್ಕೆ ಯಾವುದೂ ಪ್ರಮಾಣವಾಗಲಾರದು.

ಈ ಕಥೆಯನ್ನು ವಿದ್ಯುತ್ಪಾತವೆಂದು ಓದಿದರೆ ಆಗುವ ನಷ್ಟವು ಇದಕ್ಕಿಂತ ದೊಡ್ಡದು. ಡ ಕುನ್ಹಾರವರು ೧೮೭೭ರಲ್ಲಿ ಪ್ರಕಟಿಸಿದ ಸಹ್ಯಾದ್ರಿಖಂಡವೂ, ತುಳುನಾಡಿನ ಗ್ರಾಮಪದ್ಧತಿಯೂ ಪರಶುರಾಮನ ಕಥೆಯನ್ನು ಬ್ರಾಹ್ಮಣರ ನೆಲಸುವಿಕೆ, ಗ್ರಾಮಗಳ ವಿಂಗಡಣೆ, ಮೇಲುಕೀಳುಗಳ ನಿರ್ಣಯ ಇವುಗಳೊಡನೆ ಹೆಣೆದಿವೆ. ಬಿ. ಎ. ಸಾಲೆತೊರೆಯವರು ೧೯೩೬ರಲ್ಲಿ ತುಳುವ ಇತಿಹಾಸವನ್ನು ಬರೆದಾಗ ಈ ಐತಿಹ್ಯಗಳನ್ನು ಚರ್ಚಿಸದೆ ಮುಂದುವರಿಯಲಾಗಲಿಲ್ಲ. ಕಡಲಿನಿಂದ ಆಗತಾನೇ ಎದ್ದ ನೆಲಕ್ಕೆ ಹಿಂದಿನ ಒಡೆಯನಿರಲಾರನು. ದಾನವಾಗಿ ಪಡೆದವನೇ ಮೊದಲಿಗನು. ಕಥೆಯ ಒಳಗಿನ ಬಲವು ಇದು. ಆ ನೆಲದಲ್ಲಿ ಮುಂಚಿನಿಂದಲೂ ಉತ್ತು ಬಾಳಿದವರ ಮಾತನ್ನು ಕೇಳಬೇಕಾದರೆ ಪಾಡ್ದನಗಳ ಕಡೆಗೆ ತಿರುಗಬೇಕು. ಒಂದೇ ನೆಲದ ಎರಡು ಕಥನಗಳು ಹೀಗೆ ಎದುರುಬದುರಾಗಿ ನಿಂತಿರುವಾಗ, ಕೊಡಲಿಯನ್ನು ವಿದ್ಯುತ್ತೆಂದು ತೀರ್ಮಾನಿಸಿದವನ ಕಿವಿಗೆ ಎರಡೂ ಬೀಳುವುದಿಲ್ಲ. ನೆಲ ಯಾರದೆಂಬ ಪ್ರಶ್ನೆಯು ಆಕಾಶದಲ್ಲಿ ಕರಗಿಹೋಗುತ್ತದೆ.

ಇಂಥ ವಾದಗಳನ್ನು ಪರೀಕ್ಷಿಸುವ ಮಾರ್ಗವನ್ನು ಕನ್ನಡನಾಡೇ ಒಮ್ಮೆ ತೋರಿಸಿಕೊಟ್ಟಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ ಹೇಳಿ ಬರೆಸಿದರೆನ್ನಲಾದ ವೈಮಾನಿಕಶಾಸ್ತ್ರವು ಭರದ್ವಾಜ ಮಹರ್ಷಿಯ ಕೃತಿಯೆಂದು ಪ್ರಸಿದ್ಧಿಗೆ ಬಂದಿತು. ಮೈಸೂರಿನ ಜೋಸ್ಯರರು ೧೯೭೩ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯ ಐವರು ವಿದ್ವಾಂಸರು ಅದನ್ನು ಹಾಸ್ಯಮಾಡದೆ, ಶ್ರಮಪಟ್ಟು ಓದಿದರು. ಗ್ರಂಥದ ಭಾಷೆಯು ಎಂಥದು, ಅದು ಬಂದ ದಾರಿ ಯಾವುದು, ಅಲ್ಲಿ ಹೇಳಿದ ಯಂತ್ರವು ಹಾರಬಲ್ಲುದೇ ಎಂದು ಒಂದೊಂದಾಗಿ ಪರಿಶೀಲಿಸಿ, ಅದು ೧೯೦೪ಕ್ಕಿಂತ ಹಿಂದಿನದಾಗಿರಲಾರದೆಂದೂ ಆ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಗ್ರಂಥದ ಕಾಲ, ಶಬ್ದದ ಅರ್ಥ, ವಸ್ತುವಿನ ಸಾಧ್ಯತೆ ಎಂಬ ಈ ಮೂರು ಒರೆಗಲ್ಲುಗಳಲ್ಲಿ ವಿದ್ಯುದ್ವಿಶ್ವವಾದವು ಯಾವುದರಲ್ಲಿಯೂ ನಿಲ್ಲುವುದಿಲ್ಲವೆಂಬುದು ಮೇಲಿನ ವಿಚಾರದಿಂದ ವಿಶದವಾಗುತ್ತದೆ.

ಮೇಲೆ ಹೇಳಿದ ವೃತ್ರಸೂಕ್ತದಲ್ಲಿಯೇ ಇನ್ನೊಂದು ಮಾತುಂಟು. ವೃತ್ರನನ್ನು ಕೊಂದಾದ ಮೇಲೆ ಇಂದ್ರನ ಎದೆಯಲ್ಲಿಯೇ ಭಯವು ಹೊಕ್ಕಿತು. ಬೆದರಿದ ಗಿಡುಗನಂತೆ ಅವನು ತೊಂಬತ್ತೊಂಬತ್ತು ನದಿಗಳನ್ನು ದಾಟಿ ಓಡಿದನು. ಯಾರನ್ನು ಕಂಡು ಹೀಗೆ ಹೆದರಿದೆಯೆಂದು ಋಷಿಯು ಅವನನ್ನೇ ಕೇಳುತ್ತಾನೆ. ಗೆದ್ದವನಿಗೂ ಅಂಜಿಕೆಯುಂಟೆಂಬ ಈ ದರ್ಶನಕ್ಕೆ ಪ್ಲಾಸ್ಮಾದ ಲೆಕ್ಕದಲ್ಲಿ ಸ್ಥಳವಿಲ್ಲ, ಗ್ರಹಣದ ಲೆಕ್ಕದಲ್ಲಿಯೂ ಇಲ್ಲ. ಘಟ್ಟದ ಬುಡದ ಮನೆಯಲ್ಲಿ ಗುಡುಗಿಗೆ ಬೆದರಿ ಹತ್ತು ಹೆಸರುಗಳನ್ನು ಹೇಳಿಕೊಳ್ಳುವ ಮಗುವಿಗೆ ಈ ಸೂಕ್ತವನ್ನು ಓದಿ ಹೇಳಿದರೆ, ಅದು ಇಂದ್ರನ ಓಟವನ್ನು ಕೂಡಲೆ ಅರಿತುಕೊಳ್ಳುತ್ತದೆ. ಅಧ್ಯಾಪಕನು ಆ ಮಂತ್ರದಲ್ಲಿ ಕಾಪಾಡಿಕೊಳ್ಳಬೇಕಾದುದು ಆ ಅರಿವನ್ನು.