ಊರು ನೋಡಿ ಹೆಸರಿಡುವ ರೂಢಿ

1763ರಲ್ಲಿ ಸ್ಕೋಪೊಲಿ ತನ್ನ ‘ಎಂಟೊಮೊಲಾಜಿಯ ಕಾರ್ನಿಯೋಲಿಕ’ ಗ್ರಂಥದಲ್ಲಿ ಹಳದಿ-ಕಪ್ಪು ರೆಕ್ಕೆಯ ಕೀಟವೊಂದಕ್ಕೆ ಪ್ಯಾಪಿಲಿಯೊ ಮೆಕರೋನಿಯಸ್ ಎಂದು ಹೆಸರಿಟ್ಟ. ಪ್ಯಾಪಿಲಿಯೊ ಎಂದರೆ ಚಿಟ್ಟೆ. ಕೀಟ ಮಾತ್ರ ಚಿಟ್ಟೆಯಲ್ಲ, ಔಲ್‌ಫ್ಲೈ. (ಇದನ್ನು ‘ಗೂಬೆನೊಣ’ ಎಂದು ಕನ್ನಡಿಸುವುದು ನನಗೆ ಒಪ್ಪಿಗೆಯಿಲ್ಲ, ಅದು ನೊಣವೂ ಅಲ್ಲ.) ಇಂದು ಅದು ಲಿಬೆಲ್ಲಾಯ್ಡಿಸ್ ಮೆಕರೋನಿಯಸ್. 1775ರ ವಿಯೆನ್ನಾ ಚಿಟ್ಟೆಗಳ ಪಟ್ಟಿಯಲ್ಲಿ ಇದರ ಬಂಧು ಕೊಕೇಯಸ್ ಕೂಡ ಚಿಟ್ಟೆಯಾಗಿಯೇ ಸೇರಿತು.

ನಗುವ ಮುನ್ನ ಯೋಚಿಸಿ. ಬಣ್ಣದ ರೆಕ್ಕೆ, ತುದಿಯಲ್ಲಿ ಗುಂಡಿಯಂತೆ ದಪ್ಪಗಾದ ಉದ್ದ ಕುಡಿಮೀಸೆ, ಬಿಸಿಲಿನಲ್ಲಿ ಹಾರಾಟ - ಇವು ಯಾರನ್ನೂ ಮೋಸಗೊಳಿಸಬಲ್ಲವು. ಹುರುಪೆಯಿಲ್ಲದ ಬಲೆಯಂಥ ರೆಕ್ಕೆ, ಹೀರುಗೊಳವೆಯ ಬದಲು ಕಚ್ಚುವ ದವಡೆ ಇವುಗಳಿಗೆ ಹೆಚ್ಚು ತೂಕ ಕೊಡಬೇಕಿತ್ತು, ಅಷ್ಟೆ. ಆ ಕಾಲದ ತಪ್ಪು ಕೀಟವನ್ನು ನೋಡಿ ಮಾಡಿದ ತಪ್ಪು.

ನನ್ನ ಆಕ್ಷೇಪ ಇಂದಿನ ರೂಢಿಯ ಬಗ್ಗೆ. ಚಿತ್ರ ಸ್ಲೊವೇನಿಯದ್ದೇ? ಹಾಗಾದರೆ ಮೆಕರೋನಿಯಸ್. ಫ್ರಾನ್ಸಿನದೇ? ಕೊಕೇಯಸ್. ಆದರೆ ಫ್ರಾನ್ಸಿನಲ್ಲಿ ಲಾಂಜಿಕಾರ್ನಿಸ್ ಕೂಡ ಇದೆ. ಅದರ ಹಿಂರೆಕ್ಕೆಯಲ್ಲಿ ತುದಿಯ ಕಡೆಗೆ ಕಪ್ಪು ಕಮಾನು ಇರುತ್ತದೆ, ಕೊಕೇಯಸ್‌ನಲ್ಲಿ ಇರುವುದಿಲ್ಲ. ನೋಡಬೇಕಾದದ್ದು ಅದನ್ನು.

ಊರಿನಿಂದ ಹೆಸರು, ಆ ಹೆಸರುಗಳಿಂದ ವ್ಯಾಪ್ತಿಯ ನಕ್ಷೆ, ಆ ನಕ್ಷೆಯಿಂದ ಮುಂದಿನ ಹೆಸರು! g ಬೆಲೆ 9.8 ಎಂದು ಹಿಡಿದು ಲೋಲಕದ ಉದ್ದ ಲೆಕ್ಕಹಾಕಿ, ಅದೇ ಉದ್ದದಿಂದ g ‘ಅಳೆದ’ ವಿದ್ಯಾರ್ಥಿಗೆ ನೀವು ಅಂಕ ಕೊಡುವಿರಾ? ಪ್ರಭೇದವೊಂದು ಹೊಸ ಕಡೆಗೆ ಹರಡಿದರೂ ಇಂಥ ನಕ್ಷೆಯಲ್ಲಿ ಅದು ಎಂದೂ ಕಾಣಿಸದು. ನಕ್ಷೆ ಸುಳಿವಾಗಬಹುದು, ಸಾಕ್ಷ್ಯವಾಗದು.

‘ಎಲ್ಲಿ ವಾಸ’ ಎಂಬ ಪ್ರಶ್ನೆಗೆ ದೇಶದ ಹೆಸರು ಬರೆದು ಮುಗಿಸುವುದೂ ಸರಿಯಲ್ಲ. ಹ್ಯಾಮ್‌ಡಾರ್ಫ್, ಶ್ವೇಮರ್ ಮತ್ತು ಗೊಗಾಲ 1971ರಲ್ಲಿ ಮೆಕರೋನಿಯಸ್‌ನ ಕಣ್ಣಿನಲ್ಲಿ ಅತಿನೇರಳೆಗೆ ಸ್ಪಂದಿಸುವ ದೃಷ್ಟಿವರ್ಣಕವನ್ನು ವರದಿ ಮಾಡಿದರು. ಅದು ಅತಿ ಹೆಚ್ಚು ಹೀರುವುದು ಸುಮಾರು 345 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು. ಬಾನಿನ ಹಿನ್ನೆಲೆಯಲ್ಲಿ ಪುಟ್ಟ ಕೀಟಗಳನ್ನು ಹಾರುತ್ತಲೇ ಹಿಡಿಯಲು ಹೇಳಿಮಾಡಿಸಿದ ಕಣ್ಣು! ಇದರ ವಾಸ ಬಿಸಿಲು ಬೀಳುವ ಒಣ ಹುಲ್ಲುಗಾವಲು. ಮೋಡ ಕವಿದರೆ ಹಾರಾಟ ನಿಲ್ಲುತ್ತದೆ. ಗಿಡದ ಎತ್ತರ, ಹೊತ್ತು, ಬಿಸಿಲು ಇವನ್ನೂ ಬರೆದಿಟ್ಟರೆ ದಾಖಲೆಗೆ ಬೆಲೆ ಬರುತ್ತದೆ.

ಹಳೆಯ ಪ್ರಬಂಧಗಳಲ್ಲಿ ಇದನ್ನು ಹುಡುಕುವಾಗ ಅಸ್ಕಲಾಫಸ್ ಎಂಬ ಹೆಸರನ್ನೂ ನೋಡಿ. 2019ರ ವರ್ಗೀಕರಣವೊಂದು ಔಲ್‌ಫ್ಲೈಗಳನ್ನು, ಮರಳಿನಲ್ಲಿ ಕುಳಿ ತೋಡಿ ಇರುವೆಗೆ ಕಾಯುವ ಇರುವೆಸಿಂಹಗಳ ಕುಟುಂಬಕ್ಕೇ ಸೇರಿಸಿದೆ. ಇನ್ನು ಚಿತ್ರದ ಮಾತು: ವಿಶ್ರಮಿಸುವಾಗ ಕೀಟ ರೆಕ್ಕೆಗಳನ್ನು ಮಾಡಿನಂತೆ ಮಡಚುವುದರಿಂದ ಹಿಂರೆಕ್ಕೆ ಮರೆಯಾಗುತ್ತದೆ. ಅಂಥ ಚಿತ್ರದ ಕೆಳಗೆ ಲಿಬೆಲ್ಲಾಯ್ಡಿಸ್ ಎಂದಷ್ಟೇ ಬರೆಯಿರಿ.