ಹರ್ಷೆಲನ ಭಾವಚಿತ್ರ: ಮಸುಕಿನ ಗುಣದೋಷ ವಿಚಾರ

ರೇಖೆಗಳ ಸ್ಪಷ್ಟತೆಯೇ ಛಾಯಾಚಿತ್ರದ ಪರಮಗುಣವೆಂದು ಭಾವಿಸಿದ್ದ ಕಾಲದಲ್ಲಿ, ಜೂಲಿಯಾ ಮಾರ್ಗರೆಟ್ ಕ್ಯಾಮರನ್ನಳ ಮಸುಕಾದ ಮುಖಚಿತ್ರಗಳನ್ನು ಹಲವು ವಿಮರ್ಶಕರು ಅಭ್ಯಾಸವಿಲ್ಲದ ಕೈಯ ಕೆಲಸವೆಂದು ಹಳಿದರು. ಈ ತೀರ್ಪಿನ ಯುಕ್ತಾಯುಕ್ತತೆಯನ್ನು 1867ರಲ್ಲಿ ಆಕೆ ತೆಗೆದ ಸರ್ ಜಾನ್ ಹರ್ಷೆಲನ ಚಿತ್ರದಿಂದ ಪರೀಕ್ಷಿಸಬಹುದು.

1815ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಆಕೆಗೆ 48ನೆಯ ವಯಸ್ಸಿನಲ್ಲಿ ಮಗಳು ಅಳಿಯಂದಿರಿಂದ ಕ್ಯಾಮೆರಾ ಕಾಣಿಕೆಯಾಗಿ ಬಂದಿತು. ಮೊದಲ ಮಸುಕುಚಿತ್ರಗಳು ಆಕಸ್ಮಿಕವೆಂದೂ, ಕಣ್ಣಿಗೆ ಸುಂದರವೆನಿಸಿದೊಡನೆ ಮಸೂರವನ್ನು ಮುಂದೆ ತಿರುಗಿಸದೆ ನಿಲ್ಲಿಸಿದುದೇ ಅದಕ್ಕೆ ಕಾರಣವೆಂದೂ ಆಕೆಯೇ ಬರೆದಿರುವಳು. ಆಕಸ್ಮಿಕವಾದುದು ಕ್ರಮೇಣ ಸಂಕಲ್ಪವಾಯಿತು.

ಹರ್ಷೆಲನು ಖಗೋಳಜ್ಞ, ಹೈಪೊ ದ್ರಾವಣದಿಂದ ಛಾಯಾಚಿತ್ರವನ್ನು ಸ್ಥಿರಗೊಳಿಸುವ ಮಾರ್ಗವನ್ನು ತೋರಿದವನು, ಆಕೆಯ ಹಳೆಯ ಮಿತ್ರ. ಚಿತ್ರಕ್ಕೆ ಮುನ್ನ ಅವನ ನರೆಗೂದಲನ್ನು ತೊಳೆಸಿ ಕೆದರಿಸಿದಳೆಂದು ಪ್ರತೀತಿ. ದೂರದರ್ಶಕವಾಗಲಿ ಪದಕವಾಗಲಿ ಇಲ್ಲಿಲ್ಲ. ಉಡುಪು ಕತ್ತಲೆಯಲ್ಲಿ ಲೀನವಾಗಿದೆ. ಬೆಳಕು ಬಿದ್ದಿರುವುದು ಸುಕ್ಕುಗಟ್ಟಿದ ಮುಖದ ಮೇಲೆ, ಕದಡಿದ ಕೂದಲಿನ ಮೇಲೆ. ಗಾಜಿನ ಫಲಕವನ್ನು ದೀರ್ಘಕಾಲ ಬೆಳಕಿಗೊಡ್ಡಬೇಕಾಗಿದ್ದುದರಿಂದ ಕುಳಿತವನ ಆಯಾಸವೂ ಅದರಲ್ಲಿ ಸೇರಿದಂತಿದೆ. ಮಸುಕು ಇಲ್ಲಿ ಅನಾವಶ್ಯಕ ವಿವರಗಳನ್ನು ತೊಲಗಿಸಿ ದೃಷ್ಟಿಯನ್ನು ಕಣ್ಣುಗಳಿಗೇ ಸೆಳೆಯುತ್ತದೆ.

ಆದರೆ ಮಸುಕು ತಾನಾಗಿಯೇ ಗುಣವಾಗದು. ಟೆನಿಸನ್ನನ ಕಾವ್ಯಕ್ಕಾಗಿ 1874ರಲ್ಲಿ ಪರಿಚಿತರಿಗೆ ವೇಷ ತೊಡಿಸಿ ತೆಗೆದ ಚಿತ್ರಗಳಲ್ಲಿಯೂ ಅದೇ ಮೃದುತ್ವವಿದೆ. ಅಲ್ಲಿ ನಾಟಕದ ಉಡುಪೇ ಮುಂದಾಗಿ ಮುಖವು ಹಿಂದುಳಿಯುತ್ತದೆ. ಆದ್ದರಿಂದ ವಿಮರ್ಶಕರು ಎತ್ತಬೇಕಾಗಿದ್ದ ಪ್ರಶ್ನೆಯು ಚಿತ್ರವು ಸ್ಪಷ್ಟವೇ ಎಂಬುದಲ್ಲ, ಅದರ ಅಸ್ಪಷ್ಟತೆಯು ವ್ಯಕ್ತಿಯನ್ನು ತೋರಿಸುವುದೇ ಮರೆಸುವುದೇ ಎಂಬುದು. ಹರ್ಷೆಲನ ಚಿತ್ರದಲ್ಲಿ ಅದು ತೋರಿಸುತ್ತದೆ.