ವಂಶಾವಳಿಯ ಕೆಳಗಿನ ಷರತ್ತುಗಳು

ಸೆಪ್ಟೆಂಬರ್ ಬಂತೆಂದರೆ ಕ್ಯಾಂಟರ್ಬರಿ ಬಯಲಿನ ಪತ್ರಿಕೆಗಳಲ್ಲಿ ಜಾಹೀರಾತಿನ ಅಂಕಣಗಳು ಕುದುರೆಗಳಿಂದ ತುಂಬಿಹೋಗುತ್ತಿದ್ದವು. ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಅದು ವಸಂತದ ಆರಂಭ, ಹೆಣ್ಣುಕುದುರೆಗಳು ಬೆದೆಗೆ ಬರುವ ಕಾಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವರ್ಷ ತಪ್ಪದೆ ನಡೆದ ಪದ್ಧತಿ ಇದು: ಬೀಜದ ಗಂಡುಕುದುರೆ ಸಾಕಿದವನು ಅದರ ಹೆಸರು, ಬಣ್ಣ, ಎತ್ತರ, ವಂಶ, ಗೆದ್ದ ಬಹುಮಾನ, ಸಾಗುವ ದಾರಿ, ದರ ಮತ್ತು ಷರತ್ತುಗಳನ್ನು ಅಚ್ಚು ಹಾಕಿಸಿ ಇಡೀ ಜಿಲ್ಲೆಗೆ ಸಾರುತ್ತಿದ್ದ. ಮೇಲೊಂದು ಕುದುರೆಯ ಚಿತ್ರ. ಮುದ್ರಣಾಲಯದಲ್ಲಿದ್ದ ಒಂದೆರಡು ಅಚ್ಚುಗಳಲ್ಲೇ ಎಲ್ಲರ ಕೆಲಸವೂ ಆಗಬೇಕಾಗಿದ್ದರಿಂದ, ಪೈಪೋಟಿಗೆ ಬಿದ್ದ ಎರಡು ಕುದುರೆಗಳು ಒಂದೇ ರೂಪ ಹೊತ್ತು ಅಕ್ಕಪಕ್ಕ ನಿಲ್ಲುವುದೂ ಇತ್ತು.

ಇವನ್ನು ಇಂದು ಓದುವವರಿಗೆ ಹಿಡಿಸುವುದು ವಂಶಾವಳಿ. ಅಪ್ಪ ಯಾರು, ಅಪ್ಪನ ಅಪ್ಪ ಯಾರು, ತಾಯಿಯ ಅಪ್ಪ ಸ್ಕಾಟ್ಲೆಂಡಿನ ಯಾವ ಮೇಳದಲ್ಲಿ ಮೊದಲ ಬಹುಮಾನ ಪಡೆದ ಎಂಬ ಸಾಲುಗಳಿಗೆ ಪುರಾಣದ ಗತ್ತು ಇದೆ. ನನ್ನ ಪ್ರಕಾರ ಆ ಬರಹದ ದುರ್ಬಲ ಭಾಗ ಅದೇ. ಸತ್ವ ಇರುವುದು ಕೊನೆಯ ನಾಲ್ಕೈದು ಸಾಲುಗಳ ಷರತ್ತುಗಳಲ್ಲಿ. ದೂರ ದೇಶದಿಂದ ಬಂದು ನೆಲ ಹಿಡಿದ ರೈತರು ಒಬ್ಬರನ್ನೊಬ್ಬರು ಎಷ್ಟರ ಮಟ್ಟಿಗೆ ನಂಬಿದ್ದರು, ಎಲ್ಲಿ ಕೈ ಬಿಗಿಹಿಡಿದರು ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕುದುರೆಯಿಲ್ಲದೆ ಆ ಬಯಲಿನ ಬೇಸಾಯವೇ ಇರಲಿಲ್ಲ. 1870ರ ನಂತರ ಕ್ಯಾಂಟರ್ಬರಿಯಲ್ಲಿ ಗೋಧಿಯ ಸುಗ್ಗಿ ಎದ್ದಿತು. ಎರಡು ಸಾಲು ಒಟ್ಟಿಗೆ ಉಳುವ ಕಬ್ಬಿಣದ ನೇಗಿಲು, ಕೊಯ್ದು ಸಿವುಡು ಕಟ್ಟುವ ಯಂತ್ರ, ರೈಲು ನಿಲ್ದಾಣಕ್ಕೆ ಮೂಟೆ ಸಾಗಿಸುವ ಬಂಡಿ, ಎಲ್ಲಕ್ಕೂ ತೂಕದ ಕುದುರೆ ಬೇಕು. ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ತಳಿ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಆಶ್‌ಬರ್ಟನ್ ಹತ್ತಿರದ ಲಾಂಗ್‌ಬೀಚ್‌ನಲ್ಲಿ ಜಾನ್ ಗ್ರಿಗ್ ಮೂವತ್ತು ಸಾವಿರ ಎಕರೆಗೂ ಮೀರಿದ ಆಸ್ತಿ ಮಾಡಿದ್ದ. ಬೇಕೆಂದರೆ ಹಡಗಿನಲ್ಲಿ ಕುದುರೆ ತರಿಸುವ ತಾಕತ್ತು ಅಂಥವರಿಗಿತ್ತು. ಇನ್ನೂರು ಎಕರೆಯ ರೈತನಿಗೆ ಅದು ಆಗದ ಮಾತು. ಅವನ ಲಾಯದಲ್ಲಿ ನಾಲ್ಕೋ ಆರೋ ಕುದುರೆ, ಅದರಲ್ಲಿ ಎರಡು ಹೆಣ್ಣು. ಜಾಹೀರಾತಿನ ಪದ್ಧತಿ ಅವನಿಗೆ ಮಾಡಿದ ಉಪಕಾರ ದೊಡ್ಡದು. ಎರಡು ಮೂರು ಪೌಂಡಿನ ಆಸುಪಾಸಿನ ದರಕ್ಕೆ, ಹತ್ತು ಜನ್ಮಕ್ಕೂ ಕೊಳ್ಳಲಾಗದ ಕುದುರೆಯ ಬೀಜ ಅವನ ಬೇಲಿಯ ಬಾಗಿಲಿಗೇ ಬರುತ್ತಿತ್ತು.

ಬರುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದಾರಿಯ ಪಟ್ಟಿ ವಾರಕ್ಕೊಂದು ಸುತ್ತಿನಂತೆ ಇರುತ್ತಿತ್ತು: ಇಂಥ ದಿನ ಟಿನ್‌ವಾಲ್ಡ್, ಇಂಥ ದಿನ ಮೆಥ್ವೆನ್, ರಕಾಯಾ, ಶನಿವಾರ ಆಶ್‌ಬರ್ಟನ್ ಪೇಟೆ. ರಾತ್ರಿ ತಂಗುವ ಹೋಟೆಲಿನ ಹೆಸರನ್ನೂ ಹಾಕುತ್ತಿದ್ದರು. ಬಾಲಕ್ಕೂ ಜೂಲಿಗೂ ಬಣ್ಣದ ಪಟ್ಟಿ ಹೆಣೆದ, ಟನ್ನಿಗೆ ಹತ್ತಿರ ತೂಗುವ ಪ್ರಾಣಿಯನ್ನು ಹಿಡಿದು ಒಬ್ಬ ಆಳು ದಿನವಿಡೀ ಮಣ್ಣಿನ ರಸ್ತೆಯಲ್ಲಿ ಸಾಗಬೇಕು. ಈ ಏರ್ಪಾಡಿನ ಹಿಂದೆ ಗಟ್ಟಿ ಲೆಕ್ಕವಿದೆ. ಹೆಣ್ಣುಕುದುರೆಗೆ ಸುಮಾರು 21 ದಿನಕ್ಕೊಮ್ಮೆ ಬೆದೆ ಬರುತ್ತದೆ, ಐದಾರು ದಿನ ನಿಲ್ಲುತ್ತದೆ. ಮರಿ ಹಾಕಿದ ಒಂಬತ್ತನೆಯ ದಿನದ ಆಸುಪಾಸಿನಲ್ಲೂ ಒಮ್ಮೆ ಬರುತ್ತದೆ. ವಾರಕ್ಕೊಮ್ಮೆ ಬರುವ ಗಂಡು ಬೆದೆಯನ್ನು ತಪ್ಪಿಸಿಕೊಳ್ಳುವುದು ಅಪರೂಪ. ಮೊದಲ ಸಲ ಹಾಯಿಸಿದ್ದು ನಿಲ್ಲದಿದ್ದರೆ ಮೂರನೆಯ ಸುತ್ತಿಗೆ ಸರಿಯಾಗಿ ಹೆಣ್ಣು ಮತ್ತೆ ಬೆದೆಯಲ್ಲಿರುತ್ತದೆ. ಪಶುವೈದ್ಯ ಶಾಲೆಯ ಮೆಟ್ಟಿಲು ಹತ್ತದವರು ಕ್ಯಾಲೆಂಡರನ್ನೂ ರಸ್ತೆಯ ನಕ್ಷೆಯನ್ನೂ ಹೀಗೆ ಕೂಡಿಸಿದ್ದು ನನಗೆ ನಿಜವಾದ ಜಾಣ್ಮೆ ಅನ್ನಿಸುತ್ತದೆ.

ಷರತ್ತುಗಳೂ ಅಷ್ಟೇ ಅನುಭವದಿಂದ ಹುಟ್ಟಿದವು. ಹಣ ಕೂಡಲೇ ಕೊಡಬೇಕಾಗಿರಲಿಲ್ಲ. ಹೆಚ್ಚಿನವರು ಋತು ಮುಗಿದ ಮೇಲೆ, ಜನವರಿಯ ಹೊತ್ತಿಗೆ ಕೊಟ್ಟರೆ ಸಾಕು ಎನ್ನುತ್ತಿದ್ದರು. ಕೆಲವರು ಗಬ್ಬ ನಿಂತರೆ ಮಾತ್ರ ಹಣ ಎನ್ನುವ ಖಾತರಿಯನ್ನೂ ಕೊಡುತ್ತಿದ್ದರು. ಸುಗ್ಗಿಯ ಹಣ ಕೈಸೇರುವತನಕ ರೈತನಿಗೆ ಸಾಲ ಕೊಟ್ಟಂತೆಯೇ ಇದು. ಹಿಡಿದು ನಡೆಸುವ ಆಳಿಗೆ ಬೇರೆಯಾಗಿ ಕೆಲವು ಶಿಲಿಂಗ್ ಸಲ್ಲಬೇಕು. ದೂರದಿಂದ ತಂದ ಹೆಣ್ಣುಗಳಿಗೆ ಹುಲ್ಲುಗಾವಲು ಉಂಟು, ಎಚ್ಚರಿಕೆಯಿಂದ ನೋಡಿಕೊಳ್ಳಲಾಗುವುದು, ಆದರೆ ಕಾಲು ಮುರಿದರೆ, ಸತ್ತರೆ ಹೊಣೆ ಇಲ್ಲ. ಇನ್ನೊಂದು ಷರತ್ತು ಇದಕ್ಕಿಂತ ಬಿಗಿ: ಹಾಯಿಸಿದ ಹೆಣ್ಣನ್ನು ನಡುವೆ ಯಾರಾದರೂ ಮಾರಿದರೆ ಅಥವಾ ಬದಲಾಯಿಸಿಕೊಂಡರೆ ಅದು ಗಬ್ಬವಾಗಿದೆಯೆಂದೇ ಎಣಿಸಿ ಪೂರ್ತಿ ದರ ವಸೂಲು. ಗಬ್ಬದ ಕುದುರೆಯನ್ನು ಹೆಚ್ಚಿನ ಬೆಲೆಗೆ ಮಾರಿ, ಇತ್ತ ಗಬ್ಬವೇ ನಿಲ್ಲಲಿಲ್ಲ ಎಂದವರನ್ನು ಕಂಡೇ ಇದನ್ನು ಬರೆದಿರಬೇಕು.

ಇಷ್ಟು ಮೆಚ್ಚಿದ ಮೇಲೆ ದೋಷವನ್ನು ಹೇಳಲೇಬೇಕು. ಇಡೀ ಜಾಹೀರಾತಿನಲ್ಲಿ ಹೆಣ್ಣುಕುದುರೆಯ ಗುಣದ ಬಗ್ಗೆ ಒಂದು ಮಾತಿಲ್ಲ. ಮರಿಯ ರಕ್ತದಲ್ಲಿ ಅರ್ಧ ತಾಯಿಯದು. ಹನ್ನೊಂದು ತಿಂಗಳು ಹೊರುವವಳು ಅವಳು, ಹೊರುವ ಕಾಲದಲ್ಲೂ ನೊಗಕ್ಕೆ ಹೆಗಲು ಕೊಡುವವಳು ಅವಳು. ಜಾಹೀರಾತಿನ ಮಟ್ಟಿಗೆ ಅವಳು ಒಂದು ತಲೆ, ಒಂದು ದರ. ಯಜಮಾನನ ಆದಾಯ ತಲೆ ಲೆಕ್ಕದಲ್ಲಿ ಬರುವಾಗ ಕುಂಟುವ ಹೆಣ್ಣನ್ನು ತಂದವನನ್ನು ವಾಪಸು ಕಳಿಸುವವರು ಯಾರು? ತಳಿ ಸುಧಾರಣೆ ಎಂಬ ಮಾತು ಮೇಲಿನ ಸಾಲುಗಳಲ್ಲಿತ್ತು, ಕೆಳಗಿನ ಸಾಲುಗಳು ಸಂಖ್ಯೆಗೆ ಬಹುಮಾನ ಕೊಡುತ್ತಿದ್ದವು. ಗಂಡಿನ ಮೇಲಿನ ಈ ಮೋಹ ಸ್ಕಾಟ್ಲೆಂಡಿನಿಂದಲೇ ಬಂದದ್ದು. 1911ರಲ್ಲಿ ಏರ್ ಪಟ್ಟಣದ ಹರಾಜಿನಲ್ಲಿ ಬ್ಯಾರನ್ ಆಫ್ ಬಕ್ಲೈವಿ ಎಂಬ ಕ್ಲೈಡ್ಸ್‌ಡೇಲ್ 9,500 ಪೌಂಡಿಗೆ ಹೋಯಿತು. 1914ರಲ್ಲಿ ಹೆಣ್ಣುಕುದುರೆಯೊಂದು ಒದ್ದು ಅದರ ಕಾಲು ಮುರಿದು, ಅದು ಸತ್ತಿತು. ಅದರ ಅಸ್ಥಿಪಂಜರ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯ ಸೇರಿತು.

ವಂಶಾವಳಿ ಮುಚ್ಚಿಟ್ಟದ್ದು ಇನ್ನೂ ಇದೆ. ಗೊರಸಿನ ಮೇಲಿನ ಮೃದ್ವಸ್ಥಿ ಮೂಳೆಗಟ್ಟುವುದು, ಓಡುವಾಗ ಗಂಟಲಲ್ಲಿ ಸದ್ದು ಬರುವುದು ಮುಂತಾದ ದೋಷಗಳು ವಂಶಪಾರಂಪರ್ಯವಾಗಿ ಬರುತ್ತವೆಂಬ ಸಂಶಯ ಕುದುರೆ ಸಾಕಿದ ಎಲ್ಲರಿಗೂ ಇತ್ತು. ಪ್ರಿನ್ಸ್ ಆಫ್ ವೇಲ್ಸ್, ಡಾರ್ನ್‌ಲಿಯಂಥ ಪ್ರಸಿದ್ಧ ಗಂಡುಗಳ ಹೆಸರು ಮೂರು ಸಲ ಬಂದ ಜಾಹೀರಾತು, ಈಗ ನಿಂತಿರುವ ಕುದುರೆಯ ಕಾಲು ನೆಟ್ಟಗಿದೆಯೇ ಎಂಬುದನ್ನು ತೋರಿಸುವುದಿಲ್ಲ. ವಸಂತದ ಆರಂಭದ ಕುದುರೆ ಮೆರವಣಿಗೆಯಲ್ಲಿ ರೈತರು ಕಣ್ಣಾರೆ ನೋಡಬಹುದಿತ್ತು, ನಿಜ. ಆದರೆ ಬ್ರಷ್ಷು, ಸೋಪು, ಒಳ್ಳೆಯ ಮೇವು ಬಲ್ಲ ಆಳು ಮೂರು ವಾರದಲ್ಲಿ ಎಂಥ ಕುದುರೆಯನ್ನೂ ಮಿಂಚಿಸಬಲ್ಲ.

ಸ್ಕಾಟ್ಲೆಂಡಿನಲ್ಲೇ ಇದಕ್ಕಿಂತ ಒಳ್ಳೆಯ ಮಾದರಿ ಒಂದಿತ್ತು. ಅಲ್ಲಿ ಜಿಲ್ಲೆಯ ರೈತ ಸಂಘವೇ ಕುದುರೆ ಆರಿಸಿ, ಋತುವಿಗೆ ಇಷ್ಟೆಂದು ಬಾಡಿಗೆ ಕೊಟ್ಟು, ಇಷ್ಟು ಹೆಣ್ಣುಗಳು ಎಂದು ಮೊದಲೇ ಗೊತ್ತುಪಡಿಸುತ್ತಿತ್ತು. ಆರಿಸುವವರು ಕೊಳ್ಳುವವರೇ. ಮಾರುವವನ ಬಾಯಿಂದ ಕೇಳುವ ಜಾಹೀರಾತಿಗಿಂತ ಇದು ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಸರ್ಕಾರಗಳು ಎಚ್ಚೆತ್ತದ್ದು ತಡವಾಗಿ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1907ರಿಂದ ಪಶುವೈದ್ಯರು ಗಂಡುಕುದುರೆಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡತೊಡಗಿದರು. ಬ್ರಿಟನ್ನಿನಲ್ಲಿ ಪರವಾನಗಿಯ ಕಾನೂನು ಬಂದದ್ದು 1918ರಲ್ಲಿ. ಅಷ್ಟರಲ್ಲಿ ನ್ಯೂಜಿಲೆಂಡಿನ ಕುದುರೆಗಳ ಸಂಖ್ಯೆ 1911ರ ಗಣತಿಯ 4,04,284ರ ಎತ್ತರ ಮುಟ್ಟಿ ಇಳಿಮುಖವಾಗಿತ್ತು.

  

ಕ್ಯಾಂಟರ್ಬರಿಯ ಆ ಕಾಗದಗಳಲ್ಲಿ ನನ್ನನ್ನು ಹೆಚ್ಚು ಕಾಡುವ ಕೊರತೆ ಕುದುರೆಗೆ ಸಂಬಂಧಿಸಿದ್ದಲ್ಲ, ನೆಲದ ಮೊದಲ ಒಡೆಯರಿಗೆ ಸಂಬಂಧಿಸಿದ್ದು. ಆ ಬಯಲು ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳಲ್ಲಿ ನ್ಗಾಯ್ ತಾಹು ಬುಡಕಟ್ಟಿನವರದು. ಹಿರಿಯರ ಹೆಸರುಗಳನ್ನು ತಲೆಮಾರುಗಳ ಉದ್ದಕ್ಕೂ ಬಾಯಿಪಾಠವಾಗಿ ಹೇಳುವ ಜನ ಅವರು. ವಂಶಾವಳಿಯೇ ಅವರಿಗೆ ನೆಲದ ಹಕ್ಕುಪತ್ರ. 1848ರ ಕೆಂಪ್ ಕರಾರಿನಲ್ಲಿ ಸರ್ಕಾರ 2,000 ಪೌಂಡಿಗೆ ಸುಮಾರು ಎರಡು ಕೋಟಿ ಎಕರೆ ಬರೆಸಿಕೊಂಡಿತು. ಅವರ ಊರುಗಳು, ಆಹಾರ ಹುಡುಕುವ ಜಾಗಗಳು ಅವರಿಗೇ ಉಳಿಯಬೇಕು ಎಂಬುದು ಷರತ್ತು. ಆದರೆ ಅವರಿಗೆ ಉಳಿಸಿದ್ದು 6,359 ಎಕರೆ. ಹಾವುಮೀನು, ನೀರುಹಕ್ಕಿ ಸಿಗುತ್ತಿದ್ದ ಜೌಗು ನೆಲಗಳಿಗೆ ಕಾಲುವೆ ತೋಡಿ ನೀರು ಬಸಿದರು. ಹಾಗೆ ಬಸಿದ ಗೋಧಿ ನೆಲದಲ್ಲಿ ಕ್ಲೈಡ್ಸ್‌ಡೇಲ್‌ಗಳು ನೇಗಿಲೆಳೆದವು. ಮಾರಿದ ಹೆಣ್ಣುಕುದುರೆಯೊಂದರ ಎರಡು ಪೌಂಡನ್ನೂ ಬಿಡದೆ ವಸೂಲು ಮಾಡುತ್ತಿದ್ದ ವಸಾಹತಿಗೆ ಷರತ್ತೆಂದರೇನೆಂದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ನ್ಗಾಯ್ ತಾಹು ಮುಖಂಡ ಮಟಿಯಾಹಾ ಟಿರಾಮೊರೆಹು 1849ರಲ್ಲೇ ಲಿಖಿತ ದೂರು ಕೊಟ್ಟ. ಅದರ ಇತ್ಯರ್ಥದ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 1998ರಲ್ಲಿ.